ಏತ ಎತ್ತಿದ ನೀರು: ಲೋಹದ ಕ್ರಿಯೆಗಳಲ್ಲಿ ಬೆಳಕು ಮಾಡುವ ಆಯ್ಕೆ

ಮಲ್ಲೇಶ್ವರದ ಮಾರುಕಟ್ಟೆಯಿಂದ ತಂದ ಪುದೀನದ ಒಂದು ಎಲೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಆಮೇಲೆ ಸಬ್ಬಸಿಗೆ ಬೀಜವನ್ನು ಬೆರಳ ಸಂದಿಯಲ್ಲಿ ಪುಡಿ ಮಾಡಿ ಮೂಸಿ. ಎರಡು ವಾಸನೆಗಳಿಗೂ ನಂಟೇ ಇಲ್ಲವೆನಿಸುತ್ತದೆ. ಆದರೆ ಅಡುಗೆಯ ಪುದೀನವಾದ ಸ್ಪಿಯರ್‌ಮಿಂಟ್ ಜಾತಿಯ ಎಲೆಗೂ ಸಬ್ಬಸಿಗೆ ಬೀಜಕ್ಕೂ ಅದರದರ ಪರಿಮಳ ಕೊಡುವುದು ಒಂದೇ ವಸ್ತು, ಕಾರ್ವೋನ್. 10 ಇಂಗಾಲ, 14 ಜಲಜನಕ, ಒಂದು ಆಮ್ಲಜನಕ. ಪರಮಾಣುಗಳು ಒಂದೇ, ಅವು ಕೂಡಿಕೊಂಡ ಕ್ರಮವೂ ಒಂದೇ. ಎಡಗೈಗೂ ಬಲಗೈಗೂ ಇರುವಷ್ಟೇ ವ್ಯತ್ಯಾಸ ಅವುಗಳ ನಡುವೆ. ಮೂಗು ಆ ವ್ಯತ್ಯಾಸವನ್ನು ಕ್ಷಣದಲ್ಲಿ ಗುರುತಿಸುತ್ತದೆ. ನಮ್ಮ ರಕ್ತ, ನರ, ಯಕೃತ್ತುಗಳೂ ಗುರುತಿಸುತ್ತವೆ. ಹಾಗಾಗಿಯೇ ಔಷಧ ತಯಾರಿಸುವವನಿಗೆ ಅಣುವನ್ನು ಕಟ್ಟಿದರೆ ಸಾಲದು, ಬೇಕಾದ ರೂಪವನ್ನೇ ಕಟ್ಟಬೇಕು, ಬೇಡದ್ದನ್ನು ಕಟ್ಟದೆ ಇರಬೇಕು.

ಈ ಗುಣಕ್ಕೆ ಆಯ್ಕೆಗುಣ ಎಂದು ಕರೆಯೋಣ. ಒಂದು ಕ್ರಿಯೆಯಲ್ಲಿ ಹುಟ್ಟಬಹುದಾದ ಹಲವು ಉತ್ಪನ್ನಗಳಲ್ಲಿ ಒಂದನ್ನೇ ಹೆಚ್ಚಾಗಿ ಹುಟ್ಟಿಸುವ ಶಕ್ತಿ ಅದು. ನೂರು ವರ್ಷಗಳಿಂದ ರಸಾಯನ ವಿಜ್ಞಾನಿಗಳು ಇದಕ್ಕಾಗಿ ಲೋಹಗಳನ್ನು ನಂಬಿದ್ದಾರೆ: ನಿಕ್ಕಲ್, ಪೆಲ್ಲೇಡಿಯಂ, ತಾಮ್ರ, ರೊಡಿಯಂ. ಲೋಹದ ಸುತ್ತ ಕೂರುವ ಲೈಗಾಂಡ್ ಎಂಬ ಅಣುಗಳನ್ನು ಬದಲಿಸುತ್ತಾ, ಬಿಸಿ ಏರಿಸುತ್ತಾ ಇಳಿಸುತ್ತಾ ದಾರಿ ಕಂಡುಕೊಂಡಿದ್ದಾರೆ. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇದಕ್ಕೆ ಹೊಸದೊಂದು ಹಿಡಿಕೆ ಸೇರಿದೆ: ಕಣ್ಣಿಗೆ ಕಾಣುವ ಬೆಳಕು. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಸಂಜೆಯ ಹೊತ್ತು ಕಿಟಕಿಯಾಚೆ ನೀಲಿ ಬೆಳಕು ಕಂಡರೆ ಅದು ಅಲಂಕಾರದ ದೀಪವಲ್ಲ, ಯಾರೋ ಒಬ್ಬ ವಿದ್ಯಾರ್ಥಿನಿಯ ಕ್ರಿಯೆ ನಡೆಯುತ್ತಿರಬಹುದು.

ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೇಳುವುದು ಬೆಳಕು ಹಸಿರು, ಬೆಳಕು ಮೃದು, ಬಿಸಿ ಮಾಡುವ ಖರ್ಚು ಉಳಿಯುತ್ತದೆ ಎಂದು. ಅದು ಸುಳ್ಳಲ್ಲ, ಆದರೆ ಮುಖ್ಯವಾದ ಮಾತೂ ಅಲ್ಲ. ಬೆಳಕಿನ ನಿಜವಾದ ಬೆಲೆ ಬೇರೆ ಕಡೆ ಇದೆ. ಎಷ್ಟೇ ಉರಿ ಹಾಕಿದರೂ ತಲುಪಲಾಗದ ಸ್ಥಿತಿಗೆ ಅದು ಲೋಹವನ್ನು ಒಯ್ಯುತ್ತದೆ. ಆ ಸ್ಥಿತಿಯಿಂದ ಹೊರಡುವ ದಾರಿಗಳೇ ಬೇರೆ.

ಮೊದಲು ಉರಿಯ ದಾರಿಯನ್ನು ನೋಡೋಣ. ಅದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಂದು ದೊಡ್ಡ ಪಾಠವಿದೆ: ವನಸ್ಪತಿ. ದ್ರವರೂಪದ ಎಣ್ಣೆಯನ್ನು ಬಿಸಿ ಮಾಡಿ, ನಿಕ್ಕಲ್ ಪುಡಿಯ ಸಮ್ಮುಖದಲ್ಲಿ ಜಲಜನಕ ಹಾಯಿಸಿದರೆ ಅದು ತುಪ್ಪದಂತೆ ಗಟ್ಟಿಯಾಗುತ್ತದೆ. ಸಸ್ಯದ ಎಣ್ಣೆಗಳಲ್ಲಿರುವ ಜೋಡಿಬಂಧಗಳು (ಎರಡು ಇಂಗಾಲಗಳ ನಡುವಿನ ಇಮ್ಮಡಿ ಬಂಧಗಳು) ಬಹುತೇಕ ಸಿಸ್ ರೂಪದವು, ಅಂದರೆ ಸರಪಳಿಯ ಎರಡು ತುದಿಗಳೂ ಬಂಧದ ಒಂದೇ ಬದಿಗೆ ಬಾಗಿರುತ್ತವೆ. ನಿಕ್ಕಲ್‌ನ ಮೇಲ್ಮೈಯಲ್ಲಿ ಒಂದು ಜಲಜನಕ ಅಂಟಿದಾಗ ಜೋಡಿಬಂಧ ಸಡಿಲವಾಗಿ ಸುತ್ತು ತಿರುಗುತ್ತದೆ. ಎರಡನೆಯ ಜಲಜನಕ ಬಂದು ಕೂರುವ ಮೊದಲೇ ಅಂಟಿದ್ದು ಬಿಟ್ಟುಹೋದರೆ ಜೋಡಿಬಂಧ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಈ ಸಲ ಹೆಚ್ಚು ಸ್ಥಿರವಾದ, ತುದಿಗಳು ಬಂಧದ ಎದುರುಬದುರು ಬದಿಗಿರುವ ಟ್ರಾನ್ಸ್ ರೂಪದಲ್ಲಿ. ಟ್ರಾನ್ಸ್ ಕೊಬ್ಬು ಹುಟ್ಟಿದ್ದು ಹೀಗೆ. ಯಾರೂ ಅದನ್ನು ಬಯಸಿರಲಿಲ್ಲ. ಲೋಹ ಆಯ್ದುಕೊಳ್ಳಲಿಲ್ಲ, ಉರಿ ತಗ್ಗಿನ ಕಡೆಗೆ ತಳ್ಳಿತು, ಅಷ್ಟೆ. ಆ ಒಂದು ಆಯ್ಕೆಗುಣದ ಕೊರತೆಯನ್ನು ದಶಕಗಳ ಕಾಲ ಜನರ ಹೃದಯದ ರಕ್ತನಾಳಗಳು ಅನುಭವಿಸಿದವು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಪ್ರಮಾಣಕ್ಕೆ ಶೇ 2ರ ಮಿತಿ ಹಾಕಿ ಜಾರಿಗೆ ತಂದದ್ದು 2022ರ ಜನವರಿಯಲ್ಲಿ.

ಇದೇ ಪ್ರಶ್ನೆಯ ಇನ್ನೊಂದು ಮುಖ ನಮ್ಮ ನಾಡಿನ ಹೆಮ್ಮೆಯ ವಸ್ತುವಿನಲ್ಲಿದೆ. ಮೊದಲ ಮಹಾಯುದ್ಧ ಬಂದು ಗಂಧದ ಕೊರಡುಗಳು ಜರ್ಮನಿಗೆ ಹೋಗುವುದು ನಿಂತಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ಇಳಿಸುವುದು ಶುರುವಾಯಿತು. ಆ ಎಣ್ಣೆಯ ಜೀವಾಳ ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್. ಐಎಸ್‌ಒ 3518 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಂಧದೆಣ್ಣೆಯಲ್ಲಿ ಆಲ್ಫಾ ಶೇ 41ರಿಂದ 55, ಬೀಟಾ ಶೇ 16ರಿಂದ 24 ಇರಬೇಕು. ಎರಡರಲ್ಲೂ ಬಾಲದ ಜೋಡಿಬಂಧ ಸಿಸ್ ಬಗೆಯದೇ. ಮರ ಅದನ್ನು ಸಲೀಸಾಗಿ ಕಟ್ಟುತ್ತದೆ. ಗಾಜಿನ ಪಾತ್ರೆಯಲ್ಲಿ ಸ್ಯಾಂಟಲಾಲ್ ಕಟ್ಟಲು ಹೊರಟವರಿಗೆ ಆ ಒಂದು ಬಂಧವೇ ದೊಡ್ಡ ತಲೆನೋವು. ತಗ್ಗಿಗೆ ಹರಿಯುವ ನೀರನ್ನು ದಿಬ್ಬದ ಮೇಲಿನ ಗದ್ದೆಗೆ ಹಾಯಿಸುವ ಕೆಲಸ ಅದು.

ನೀರಿನ ಹೋಲಿಕೆಯನ್ನು ಬೇಕೆಂದೇ ತಂದೆ. ಬೆಂಗಳೂರಿನ ಹಳೆಯ ಕೆರೆಗಳು ಒಂದರ ಕೋಡಿಯಿಂದ ಇನ್ನೊಂದಕ್ಕೆ ರಾಜಕಾಲುವೆಯಲ್ಲಿ ತುಂಬಿಕೊಳ್ಳುತ್ತಿದ್ದವು. ಮಳೆ ಎಷ್ಟೇ ಜೋರಾಗಿ ಬಂದರೂ ಕೆಳಗಿನ ಕೆರೆಯಿಂದ ಮೇಲಿನ ಕೆರೆಗೆ ನೀರು ಹತ್ತುವುದಿಲ್ಲ. ಉರಿಯೂ ಹಾಗೆಯೇ. ಅದು ಪಾತ್ರೆಯಲ್ಲಿರುವ ಎಲ್ಲ ಅಣುಗಳನ್ನೂ, ಬೇಕಾದವನ್ನೂ ಬೇಡವಾದವನ್ನೂ, ದ್ರಾವಕವನ್ನೂ ಸೇರಿಸಿ ಕುಲುಕುತ್ತದೆ. ಕುಲುಕಿದಷ್ಟೂ ಎಲ್ಲವೂ ಅತ್ಯಂತ ಸ್ಥಿರವಾದ ತಗ್ಗಿನ ಕಡೆಗೆ ಬೇಗ ಹರಿಯುತ್ತವೆ. ಬೆಳಕು ಏತದಂತೆ. ತನ್ನ ಬಾನಿಯೊಳಗೆ ಬಿದ್ದ ನೀರನ್ನು ಮಾತ್ರ ಅದು ಎತ್ತುತ್ತದೆ, ಎತ್ತಿದರೆ ಒಂದೇ ಸಲಕ್ಕೆ ದಂಡೆಯ ಮೇಲಕ್ಕೆ.

ಎಷ್ಟು ಎತ್ತರಕ್ಕೆ? ಲೆಕ್ಕ ಸುಲಭ. 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿನ ಒಂದು ಮೋಲ್ ಫೋಟಾನ್‌ಗಳಲ್ಲಿ 266 ಕಿಲೋಜೂಲ್ ಶಕ್ತಿ ಇದೆ (ಫೋಟಾನ್ ಎಂದರೆ ಬೆಳಕಿನ ಕಣ, ಮೋಲ್ ಎಂದರೆ ಅಣು ಮತ್ತು ಕಣಗಳನ್ನು ಎಣಿಸುವ ರಸಾಯನ ವಿಜ್ಞಾನದ ಅಳತೆ). ಕೋಣೆಯ ಉಷ್ಣದಲ್ಲಿ ಅಣುಗಳ ಕುಲುಕಾಟದ ಶಕ್ತಿ ಮೋಲ್‌ಗೆ ಸುಮಾರು 2.5 ಕಿಲೋಜೂಲ್ ಮಾತ್ರ. ಅಂದರೆ ಬೆಳಕನ್ನು ಹೀರಿದ ಅಣುವಿಗೆ ಒಮ್ಮೆಗೇ ನೂರು ಪಟ್ಟು ಶಕ್ತಿ ಸಿಗುತ್ತದೆ, ಪಕ್ಕದ ಅಣು ತಣ್ಣಗೆ ಇದ್ದಲ್ಲೇ ಇರುತ್ತದೆ. ಆದರೆ ಔಷಧ ತಯಾರಿಕೆಯಲ್ಲಿ ಬಳಸುವ ಬಹುಪಾಲು ಕಚ್ಚಾ ಅಣುಗಳಿಗೆ ಬಣ್ಣವೇ ಇಲ್ಲ. ಅವು ನೀಲಿ ಬೆಳಕನ್ನು ಹೀರುವುದಿಲ್ಲ. ಹಿಂದೆ ಈ ಕಾರಣಕ್ಕೇ ನೇರಳಾತೀತ ಕಿರಣ ಬಳಸುತ್ತಿದ್ದರು. ಅದು ಸಿಕ್ಕಿದ ಬಂಧಗಳನ್ನೆಲ್ಲ ಮುರಿಯುವಷ್ಟು ಒರಟು. ಈಗ ಬಣ್ಣವಿಲ್ಲದ ಅಣುಗಳ ನಡುವೆ ಬಣ್ಣವಿರುವ ಲೋಹ ಸಂಯುಕ್ತವೊಂದನ್ನು ಚಿಟಿಕೆಯಷ್ಟು ಇಡುತ್ತಾರೆ. ಬೆಳಕು ತಗಲುವುದು ಅದಕ್ಕೆ ಮಾತ್ರ.

ಆ ಲೋಹ ಸಂಯುಕ್ತಗಳಲ್ಲಿ ಹಿರಿಯಣ್ಣ ಎನ್ನಬಹುದಾದದ್ದು ರುಥೇನಿಯಂನದು. ಮೂರು ಬೈಪಿರಿಡಿನ್ ಅಣುಗಳು ಒಂದು ರುಥೇನಿಯಂ ಅಯಾನನ್ನು ಸುತ್ತುವರಿದ ಕಿತ್ತಳೆಗೆಂಪು ವಸ್ತು. 452 ನ್ಯಾನೋಮೀಟರ್ ಸುತ್ತಮುತ್ತ ಬೆಳಕು ಹೀರಿದಾಗ ಲೋಹದ ಒಂದು ಎಲೆಕ್ಟ್ರಾನ್ ಲೈಗಾಂಡ್‌ಗೆ ಜಿಗಿಯುತ್ತದೆ. ಈ ಉದ್ರಿಕ್ತ ಸ್ಥಿತಿ ಸುಮಾರು ಒಂದು ಮೈಕ್ರೋಸೆಕೆಂಡ್ ಬಾಳುತ್ತದೆ. ನಮಗೆ ಅದು ಏನೂ ಅಲ್ಲ, ಅಣುವಿಗೆ ಅದು ದೀರ್ಘಾಯುಷ್ಯ. ಅಷ್ಟರಲ್ಲಿ ಅದು ಇನ್ನೊಂದು ಅಣುವನ್ನು ಸಂಧಿಸಿ ಎಲೆಕ್ಟ್ರಾನ್ ಕೊಡಬಲ್ಲದು, ಕಸಿಯಬಲ್ಲದು, ಇಲ್ಲವೇ ತನ್ನ ಶಕ್ತಿಯನ್ನೇ ದಾಟಿಸಬಲ್ಲದು. ರುಥೇನಿಯಂನ ಈ ಗುಣ ಬಹಳ ಹಿಂದಿನಿಂದ ಗೊತ್ತಿತ್ತು. ಬೆಳಕಿನಿಂದ ರಸಾಯನ ನಡೆಸುವ ಕನಸು ಇನ್ನೂ ಹಳೆಯದು: ಇಟಲಿಯ ಬೊಲೋನ್ಯದ ರಸಾಯನ ವಿಜ್ಞಾನಿ ಜಾಕೊಮೊ ಚಮಿಚಾನ್ 1912ರಲ್ಲೇ ನ್ಯೂಯಾರ್ಕಿನ ಸಮ್ಮೇಳನದಲ್ಲಿ ಮುಂದಿನ ಕಾರ್ಖಾನೆಗಳು ಹೊಗೆಯಿಲ್ಲದೆ ಬೆಳಕಿನಿಂದ ನಡೆಯಬಹುದೆಂದು ಕನಸು ಕಂಡಿದ್ದರು. ಆದರೆ ಅಣು ಕಟ್ಟುವವರ ಕೈಗೆ ಗೋಚರ ಬೆಳಕಿನ ಈ ಉಪಾಯ ಗಟ್ಟಿಯಾಗಿ ಬಂದದ್ದು 2008ರಲ್ಲಿ, ಡೇವಿಡ್ ಮ್ಯಾಕ್‌ಮಿಲನ್ ಮತ್ತು ಟೆಶಿಕ್ ಯೂನ್ ಅವರ ಗುಂಪುಗಳು ಬೇರೆ ಬೇರೆಯಾಗಿ ಪ್ರಕಟಿಸಿದ ಕೆಲಸಗಳಿಂದ. ಮರುವರ್ಷ ಕೋರಿ ಸ್ಟೀಫನ್‌ಸನ್ ಗುಂಪಿನದು. 2014ರಲ್ಲಿ ಬೆಳಕಿನ ಸಂಯುಕ್ತದ ಜೊತೆಗೆ ನಿಕ್ಕಲ್ ಕೂಡ ಬಂತು. ಒಂದೇ ಪಾತ್ರೆಯಲ್ಲಿ ಎರಡು ಲೋಹಗಳು: ಒಂದು ಬೆಳಕನ್ನು ಹಿಡಿಯುತ್ತದೆ, ಇನ್ನೊಂದು ಬಂಧವನ್ನು ಕಟ್ಟುತ್ತದೆ.

ನಿಕ್ಕಲ್‌ನ ಕಥೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನನ್ನ ವಾದದ ತಿರುಳು ಅಲ್ಲಿದೆ. ಬೆಂಜೀನ್ ಉಂಗುರಕ್ಕೆ ಆಲ್ಕೊಹಾಲ್ ಒಂದನ್ನು ಆಮ್ಲಜನಕದ ಮೂಲಕ ಜೋಡಿಸಬೇಕು ಎಂದುಕೊಳ್ಳಿ. ನಿಕ್ಕಲ್ ಎರಡನ್ನೂ ತನ್ನ ಎರಡು ಕೈಗಳಲ್ಲಿ ಹಿಡಿದುಕೊಳ್ಳುತ್ತದೆ. ಆದರೆ ಎರಡೂ ಕೈಗಳನ್ನು ಸೇರಿಸಿ ಬಿಟ್ಟುಕೊಡುವುದಿಲ್ಲ. ಆ ಸ್ಥಿತಿಯಲ್ಲಿ, ಅಂದರೆ ನಿಕ್ಕಲ್ ಎರಡು ಎಲೆಕ್ಟ್ರಾನ್ ಕಳೆದುಕೊಂಡಿರುವಾಗ, ಇಂಗಾಲ–ಆಮ್ಲಜನಕ ಬಂಧ ಕಟ್ಟುವುದು ಏರುದಾರಿ. ಬಿಸಿ ಮಾಡಿದರೆ ಏರು ತಗ್ಗಾಗುವುದಿಲ್ಲ. ಬದಲಿಗೆ ಆಲ್ಕೊಹಾಲ್ ತನ್ನ ಜಲಜನಕವನ್ನು ಲೋಹಕ್ಕೆ ಒಪ್ಪಿಸಿ ಆಲ್ಡಿಹೈಡ್ ಆಗಿ ಜಾರಿಹೋಗಬಹುದು. ಮ್ಯಾಕ್‌ಮಿಲನ್ ಗುಂಪು 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದು ಇದಕ್ಕೆ ಪರಿಹಾರ. ಬೆಳಕು ಹೀರಿದ, ಇರಿಡಿಯಂ ಎಂಬ ಲೋಹದ ಸಂಯುಕ್ತ ನಿಕ್ಕಲ್‌ನಿಂದ ಇನ್ನೊಂದು ಎಲೆಕ್ಟ್ರಾನನ್ನು ಕಸಿಯುತ್ತದೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ನಿಕ್ಕಲ್ ಕೂಡಲೇ ಕೈ ಬಿಡುತ್ತದೆ, ಬಂಧ ಕೂಡುತ್ತದೆ. ದೀಪ ಆರಿಸಿದರೆ ಅದೇ ಪಾತ್ರೆಯಲ್ಲಿ ಅವೇ ವಸ್ತುಗಳು ಸುಮ್ಮನಿರುತ್ತವೆ. ಎರಡು ವರ್ಷದ ನಂತರ ಅದೇ ಗುಂಪು, ಎಲೆಕ್ಟ್ರಾನ್ ಕಸಿಯದೆ ಬರೀ ಶಕ್ತಿ ದಾಟಿಸಿ ನಿಕ್ಕಲನ್ನೇ ಉದ್ರಿಕ್ತಗೊಳಿಸಿದರೂ ಬೇರೊಂದು ಬಗೆಯ ಇಂಗಾಲ–ಆಮ್ಲಜನಕ ಬಂಧ ಕೂಡುತ್ತದೆಂದು ಸೈನ್ಸ್ ಪತ್ರಿಕೆಯಲ್ಲಿ ಬರೆಯಿತು.

ಇಲ್ಲಿ ಬೆಳಕು ಬಿಸಿಯ ಬದಲಿಗೆ ಬಂದ ಇಂಧನವಲ್ಲ. ಬಿಸಿಯಲ್ಲಿ ಮುಚ್ಚಿದ್ದ ಬಾಗಿಲಿನ ಚಿಲಕವನ್ನು ಅದು ತೆಗೆಯಿತು.

ಇನ್ನು ಏತದ ಮಾತು. ಸಿಸ್ ಟ್ರಾನ್ಸ್‌ಗಳ ನಡುವೆ ಬೆಳಕು ಆಯ್ಕೆ ಮಾಡುವ ಬಗೆ ನನಗೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಚೆಲುವಾದದ್ದು ಎನಿಸುತ್ತದೆ. ಬೆಂಜೀನ್ ಉಂಗುರಕ್ಕೆ ತಾಗಿಕೊಂಡ ಜೋಡಿಬಂಧವೊಂದು ಟ್ರಾನ್ಸ್ ರೂಪದಲ್ಲಿದ್ದಾಗ ಇಡೀ ಅಣು ಹಪ್ಪಳದಂತೆ ಚಪ್ಪಟೆ. ಸಿಸ್ ರೂಪದಲ್ಲಿ ಗುಂಪುಗಳು ಒಂದಕ್ಕೊಂದು ತಾಗಿ ಅಣು ತಿರುಚಿಕೊಳ್ಳುತ್ತದೆ. ಚಪ್ಪಟೆಯಾದದ್ದನ್ನು ಟ್ರಿಪ್ಲೆಟ್ ಎಂಬ ಉದ್ರಿಕ್ತ ಸ್ಥಿತಿಗೆ ಏರಿಸಲು ಕಡಿಮೆ ಶಕ್ತಿ ಸಾಕು, ತಿರುಚಿದ್ದಕ್ಕೆ ಹೆಚ್ಚು ಬೇಕು. ಈ ಎರಡರ ನಡುವಿನ ಮಟ್ಟದಲ್ಲಿ ಶಕ್ತಿ ಕೊಡುವ ಇರಿಡಿಯಂ ಸಂಯುಕ್ತವನ್ನು ಆರಿಸಿಕೊಂಡರೆ ಅದು ಟ್ರಾನ್ಸ್ ಅಣುವನ್ನು ಮಾತ್ರ ಎತ್ತುತ್ತದೆ. ಎತ್ತಿದ ಅಣು ಸಡಿಲವಾಗಿ ತಿರುಗಿ ಕೆಳಗಿಳಿಯುವಾಗ ಕೆಲವು ಸಿಸ್ ಆಗುತ್ತವೆ, ಕೆಲವು ಟ್ರಾನ್ಸ್ ಆಗಿಯೇ ಉಳಿಯುತ್ತವೆ. ಟ್ರಾನ್ಸ್ ಆದದ್ದು ಮತ್ತೆ ಏತದ ಬಾನಿಯೊಳಗೆ ಬೀಳುತ್ತದೆ. ಸಿಸ್ ಆದದ್ದು ಬೀಳುವುದಿಲ್ಲ. ಹೀಗೆ ಎತ್ತುತ್ತಾ ಎತ್ತುತ್ತಾ ಹೆಚ್ಚು ಅಸ್ಥಿರವಾದ ರೂಪವೇ ಪಾತ್ರೆಯಲ್ಲಿ ತುಂಬಿಕೊಳ್ಳುತ್ತದೆ. ತಂಪಾಗಿರುವುದರಿಂದ ಅದು ಮರಳಿ ತಗ್ಗಿಗೆ ಇಳಿಯುವುದೂ ಇಲ್ಲ, ನಡುವೆ ಏರಿ ಇದೆ. ಶಕ್ತಿ ದಾಟಿಸಿ ಸಿಸ್–ಟ್ರಾನ್ಸ್ ಬದಲಿಸುವ ತತ್ವವನ್ನು ಜಾರ್ಜ್ ಹ್ಯಾಮಂಡ್ 1960ರ ದಶಕದಲ್ಲೇ ಬಿಡಿಸಿಟ್ಟಿದ್ದರು. ಜಿಮ್ಮಿ ವೀವರ್ ಗುಂಪು 2014ರಲ್ಲಿ ಗೋಚರ ಬೆಳಕು ಮತ್ತು ಇರಿಡಿಯಂ ಬಳಸಿ ಅದನ್ನು ಅಣು ಕಟ್ಟುವವರ ಉಪಕರಣವಾಗಿ ಮಾಡಿತು. ಈಗ ನಿಕ್ಕಲ್ ಕ್ರಿಯೆಗಳಲ್ಲಿ ಬೆಳಕಿನ ಸಂಯುಕ್ತದ ಟ್ರಿಪ್ಲೆಟ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡಿ, ಅದೇ ಕಚ್ಚಾವಸ್ತುಗಳಿಂದ ಬೇಕೆಂದರೆ ಸಿಸ್, ಬೇಕೆಂದರೆ ಟ್ರಾನ್ಸ್ ಪಡೆಯುವ ಕೆಲಸಗಳು ಬಂದಿವೆ. ವನಸ್ಪತಿಯ ನಿಕ್ಕಲ್ ಟ್ರಾನ್ಸ್ ಕಡೆಗೆ ಜಾರಿತ್ತು. ದೀಪದ ಪಕ್ಕದ ನಿಕ್ಕಲ್‌ಗೆ ಆ ಜಾರುವಿಕೆ ಕಡ್ಡಾಯವಲ್ಲ.

ಬೆಳಕಿನ ಕ್ರಿಯೆಯಲ್ಲಿ ಆಯ್ಕೆಗುಣದ ವಿಚಾರ ಬೆಂಗಳೂರಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ರಾಮಮೂರ್ತಿ ಮತ್ತು ಕೆ. ವೆಂಕಟೇಶನ್ ಹರಳುಗಳೊಳಗೆ ಬೆಳಕು ಹಾಯಿಸಿ ಅಣುಗಳು ಹೇಗೆ ಜೋಡಿಯಾಗುತ್ತವೆಂದು ಅಭ್ಯಾಸ ಮಾಡುತ್ತಿದ್ದರು. ಆ ವಿಷಯದ ಮೇಲೆ 1987ರಲ್ಲಿ ಕೆಮಿಕಲ್ ರಿವ್ಯೂಸ್‌ನಲ್ಲಿ ಬಂದ ಅವರ ಸಮೀಕ್ಷೆಯನ್ನು ಇಂದಿಗೂ ಓದುತ್ತಾರೆ. ದ್ರಾವಣದಲ್ಲಿ ಅಲೆದಾಡುವ ಅಣುಗಳು ನಾಲ್ಕಾರು ಬಗೆಯಲ್ಲಿ ಜೋಡಿಯಾಗಬಹುದು. ಹರಳಿನಲ್ಲಿ ಅವು ಸಾಲಾಗಿ ಕುಳಿತಿರುವುದರಿಂದ ಎದುರಿಗಿದ್ದವರ ಕೈಯನ್ನೇ ಹಿಡಿಯುತ್ತವೆ. ಅಲ್ಲಿ ಹರಳು ಮಾಡಿದ ಕೆಲಸವನ್ನು ಇಂದು ದ್ರಾವಣದಲ್ಲಿ ಲೋಹ ಮಾಡುತ್ತಿದೆ.

ಎಡ–ಬಲಗಳ ಆಯ್ಕೆಯಲ್ಲಿ ಬೆಳಕಿನ ಪಾತ್ರ ಇನ್ನೂ ಸೂಕ್ಷ್ಮ. ಸಾಮಾನ್ಯ ದೀಪದ ಬೆಳಕಿಗೆ ಎಡವೂ ಇಲ್ಲ ಬಲವೂ ಇಲ್ಲ, ಹಾಗಾಗಿ ಆ ಆಯ್ಕೆಯನ್ನು ಲೋಹದ ಲೈಗಾಂಡ್ ಮಾಡಬೇಕು. ಬೆಳಕು ಅದಕ್ಕೆ ತಂಪನ್ನು ಒದಗಿಸುತ್ತದೆ. ಎಡರೂಪಕ್ಕೆ ಹೋಗುವ ದಾರಿಗಿಂತ ಬಲರೂಪದ ದಾರಿ 8.4 ಕಿಲೋಜೂಲ್‌ನಷ್ಟು ತಗ್ಗಿನಲ್ಲಿದೆ ಎಂದಿಟ್ಟುಕೊಳ್ಳಿ. 100 ಡಿಗ್ರಿಯಲ್ಲಿ ಕ್ರಿಯೆ ನಡೆಸಿದರೆ ಬಲ ಮತ್ತು ಎಡದ ಪ್ರಮಾಣ ಸುಮಾರು 15ಕ್ಕೆ 1. ಕೋಣೆಯ 25 ಡಿಗ್ರಿಯಲ್ಲಿ 29ಕ್ಕೆ 1. ಸೊನ್ನೆಗಿಂತ 40 ಡಿಗ್ರಿ ಕೆಳಗೆ 75ಕ್ಕೆ 1. ತಂಪಾದಷ್ಟೂ ಆಯ್ಕೆ ಚೊಕ್ಕವಾಗುತ್ತದೆ, ಆದರೆ ಅಷ್ಟು ತಂಪಿನಲ್ಲಿ ಕ್ರಿಯೆ ನಡೆಯುವುದೇ ಇಲ್ಲ. ಈ ಇಕ್ಕಟ್ಟನ್ನು ಬೆಳಕು ಬಿಡಿಸುತ್ತದೆ: ಪಾತ್ರೆ ತಣ್ಣಗಿರುತ್ತದೆ, ಬೇಕಾದ ಅಣುವಿಗೆ ಮಾತ್ರ ಶಕ್ತಿ ಸಿಗುತ್ತದೆ. ಗ್ರೆಗರಿ ಫೂ ಮತ್ತು ಜೋನಸ್ ಪೀಟರ್ಸ್ ಅವರ ಗುಂಪುಗಳು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದ ತಾಮ್ರದ ಕ್ರಿಯೆ ನಡೆದದ್ದು ಸೊನ್ನೆಗಿಂತ 40 ಡಿಗ್ರಿ ಕೆಳಗೆ, ನೀಲಿ ಎಲ್‌ಇಡಿ ಬೆಳಕಿನಲ್ಲಿ. ಎಡ ಬಲ ಎರಡೂ ಬೆರೆತಿದ್ದ ಕ್ಲೋರೈಡ್‌ನಿಂದ ಹೆಚ್ಚುಕಡಿಮೆ ಒಂದೇ ಕೈಯ ಉತ್ಪನ್ನ ಸಿಕ್ಕಿತು. ಬೆಳಕು ಹೀರುವುದಕ್ಕೂ, ಎಡಬಲ ಆರಿಸುವುದಕ್ಕೂ ಅದೇ ತಾಮ್ರ. ಎರಿಕ್ ಮೆಗ್ಗರ್ಸ್ ಗುಂಪು ಇರಿಡಿಯಂನಲ್ಲಿ ಅಂಥದ್ದೇ ಎರಡು ಕೆಲಸದ ಸಂಯುಕ್ತವನ್ನು 2014ರಲ್ಲಿ ತಂದಿತ್ತು. ತಾಮ್ರ ಅಗ್ಗ, ಎಲ್ಲೆಡೆ ಸಿಗುತ್ತದೆ. ನನಗೆ ಅದೇ ಹೆಚ್ಚು ಭರವಸೆ ಹುಟ್ಟಿಸುತ್ತದೆ.

ಬಣ್ಣ ಬದಲಿಸಿದರೆ ಉತ್ಪನ್ನ ಬದಲಾಗಬಹುದೇ? ಆಗಬಹುದು. ಬುರ್ಕ್‌ಹಾರ್ಟ್ ಕ್ಯೋನಿಗ್ ಗುಂಪು 2016ರಲ್ಲಿ ರೋಡಮಿನ್ 6ಜಿ ಎಂಬ ಬಣ್ಣವಸ್ತುವಿನಿಂದ ಇದನ್ನು ತೋರಿಸಿತು. ಹಸಿರು ಬೆಳಕಿನಲ್ಲಿ ಅದು ಸೌಮ್ಯ, ನೀಲಿ ಬೆಳಕಿನಲ್ಲಿ ಎರಡನೆಯ ಫೋಟಾನನ್ನೂ ಹೀರಿ ಉಗ್ರವಾಗುತ್ತದೆ. ಹಲವು ಬ್ರೋಮಿನ್‌ಗಳಿರುವ ಅಣುವಿನಲ್ಲಿ ಹಸಿರಿಗೆ ಒಂದು ಬ್ರೋಮಿನ್ ಹೋದರೆ, ನೀಲಿಗೆ ಇನ್ನೊಂದೂ ಹೋಗುತ್ತದೆ. ಇದರಲ್ಲಿ ಲೋಹವಿಲ್ಲ, ಆದರೆ ಲೋಹದ ಕ್ರಿಯೆಗಳಲ್ಲೂ ದೀಪದ ಬಣ್ಣವನ್ನು ಲೈಗಾಂಡ್‌ನಷ್ಟೇ ಎಚ್ಚರದಿಂದ ಆರಿಸಬೇಕೆಂಬ ಅರಿವು ಇಂಥ ಕೆಲಸಗಳಿಂದ ಗಟ್ಟಿಯಾಗಿದೆ.

ಇಷ್ಟು ಹೊಗಳಿದ ಮೇಲೆ ನೋವಿನ ಮಾತನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಪ್ರಯೋಗಾಲಯದಲ್ಲಿ ನಾವು ಎಸ್‌ಪಿ ರಸ್ತೆಯಿಂದ ತಂದ ನೀಲಿ ಎಲ್‌ಇಡಿ ಪಟ್ಟಿಯನ್ನು ದೊಡ್ಡ ಬೀಕರಿನ ಒಳಮೈಗೆ ಸುತ್ತಿ, ನಡುವೆ ಪೆಲ್ಲೇಡಿಯಂ ಕ್ರಿಯೆಯ ಶೀಶೆಯನ್ನು ಇಟ್ಟಿದ್ದೆವು. ಬೆಳಕಿನಲ್ಲಿ ಒಂದು ಉತ್ಪನ್ನ, ಕತ್ತಲಲ್ಲಿ ಏನೂ ಇಲ್ಲ. ಆರು ವಾರ ಸಂಭ್ರಮಿಸಿದೆವು. ಆಮೇಲೆ ಒಬ್ಬ ಕಿರಿಯ ಸಹೋದ್ಯೋಗಿ ಥರ್ಮಾಮೀಟರನ್ನು ಬೀಕರಿನೊಳಗೆ ಇಳಿಸಿದಳು. 58 ಡಿಗ್ರಿ. ಕತ್ತಲಿನ ಶೀಶೆ ಮಾತ್ರ ಮೇಜಿನ ಮೇಲೆ ತಣ್ಣಗಿತ್ತು. ಕಾಗದ ಸುತ್ತಿದ ಶೀಶೆಯನ್ನು 58 ಡಿಗ್ರಿಯ ಎಣ್ಣೆಯಲ್ಲಿ ಇಟ್ಟಾಗ ಅದೇ ಉತ್ಪನ್ನ ಬಂತು. ನಾವು ಕಂಡದ್ದು ಬೆಳಕಲ್ಲ, ದೀಪದ ಬಿಸಿ. ಆ ದಿನದಿಂದ ಬೆಳಕಿನ ಆಯ್ಕೆಗುಣದ ಯಾವ ಪ್ರಬಂಧ ಓದಿದರೂ ನಾನು ಮೊದಲು ಹುಡುಕುವುದು ಅದೇ ಉಷ್ಣದಲ್ಲಿ ಕತ್ತಲಲ್ಲಿಟ್ಟ ಶೀಶೆ ಏನಾಯಿತು ಎಂಬುದನ್ನು.

ದೀಪ ಹಚ್ಚಿ ಆರಿಸಿ ತೋರಿಸುವ ಪರೀಕ್ಷೆಯೂ ಸಾಲದು. ಕತ್ತಲಾದೊಡನೆ ಕ್ರಿಯೆ ನಿಂತರೆ ಪ್ರತಿ ಹೆಜ್ಜೆಗೂ ಬೆಳಕು ಬೇಕು ಎಂದು ಹಲವರು ಬರೆಯುತ್ತಾರೆ. ಆದರೆ ಬೆಳಕು ಹೊತ್ತಿಸಿದ ಸರಪಳಿ ಕ್ರಿಯೆಯೊಂದು ಕ್ಷಣಾರ್ಧದಲ್ಲಿ ಮುಗಿದುಹೋಗುವಂಥದ್ದಾದರೆ ಅದೂ ಕತ್ತಲಲ್ಲಿ ನಿಂತಂತೆಯೇ ಕಾಣುತ್ತದೆ. ಯೂನ್ ಗುಂಪು 2015ರಲ್ಲಿ ಎಚ್ಚರಿಸಿದ್ದು ಇದನ್ನೇ: ಹೀರಿದ ಒಂದೊಂದು ಫೋಟಾನಿಗೆ ಎಷ್ಟು ಅಣು ಉತ್ಪನ್ನ ಬಂತೆಂದು ಅಳೆಯಿರಿ, ಅದು 1ನ್ನು ಚೆನ್ನಾಗಿ ಮೀರಿದರೆ ಸರಪಳಿ ಇದೆ. ಆಯ್ಕೆಗುಣಕ್ಕೆ ಇದು ಸಣ್ಣ ವಿಷಯವಲ್ಲ. ಯಾವ ಹೆಜ್ಜೆಯಲ್ಲಿ ಬೆಳಕು ಕೈ ಹಾಕುತ್ತಿದೆ ಎಂದು ತಿಳಿಯದೆ ಯಾವ ಹಿಡಿಕೆ ತಿರುಗಿಸಿದರೆ ಉತ್ಪನ್ನ ಬದಲಾಗುತ್ತದೆಂದು ಹೇಳಲಾಗದು.

ಕಾರ್ಖಾನೆಗೆ ಒಯ್ಯುವಾಗ ಇನ್ನೊಂದು ಅಡ್ಡಿ. ಬೊಮ್ಮಸಂದ್ರ, ಜಿಗಣಿಗಳ ಕಡೆಗೆ ಹೊರದೇಶದ ಔಷಧ ಕಂಪನಿಗಳಿಗಾಗಿ ಅಣು ಕಟ್ಟಿಕೊಡುವ ದೊಡ್ಡ ಪ್ರಯೋಗಾಲಯಗಳಿವೆ. ಅಲ್ಲಿ ಮಿಲಿಗ್ರಾಂ ಗೆದ್ದರೆ ಸಾಲದು, ಕಿಲೋ ಬೇಕು. ಬಿಸಿ ಪಾತ್ರೆಯ ಗೋಡೆಯಿಂದ ಒಳಕ್ಕೆ ಹರಡುತ್ತದೆ, ಬೆಳಕು ಹಾಗೆ ಹರಡುವುದಿಲ್ಲ. ಮೇಲೆ ಹೇಳಿದ ರುಥೇನಿಯಂ ಸಂಯುಕ್ತ ಲೀಟರಿಗೆ ಒಂದು ಮಿಲಿಮೋಲ್ ಇರುವ ದ್ರಾವಣದಲ್ಲಿ ನೀಲಿ ಬೆಳಕಿನ ಶೇ 90ರಷ್ಟು ಮೊದಲ 0.7 ಮಿಲಿಮೀಟರಿನೊಳಗೇ ಮುಗಿದುಹೋಗುತ್ತದೆ. ದೊಡ್ಡ ಪಾತ್ರೆಯ ಒಡಲೆಲ್ಲ ಕತ್ತಲು. ಕತ್ತಲ ಭಾಗದಲ್ಲಿ ಬೇರೆ ಕ್ರಿಯೆ ನಡೆದರೆ ಆಯ್ಕೆಗುಣವೂ ಹಾಳು. ಹಾಗಾಗಿ ಈಗ ದ್ರಾವಣವನ್ನು ಸಣ್ಣ ಕೊಳವೆಗಳಲ್ಲಿ ಹರಿಸುತ್ತಾ ಸುತ್ತಲೂ ದೀಪ ಹಿಡಿಯುತ್ತಾರೆ. ಕರೆಂಟಿನ ಖರ್ಚು ಹೆದರಿಸುವಂಥದ್ದಲ್ಲ: ಒಂದು ಮೋಲ್ ನೀಲಿ ಫೋಟಾನ್‌ಗೆ 0.074 ಯೂನಿಟ್, ದೀಪ ಅರ್ಧ ವಿದ್ಯುತ್ತನ್ನಷ್ಟೇ ಬೆಳಕಾಗಿಸಿದರೂ 0.15 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ಸುಮಾರು ಒಂದು ರೂಪಾಯಿ. ಹತ್ತು ಫೋಟಾನಿನಲ್ಲಿ ಒಂದು ಮಾತ್ರ ಫಲ ಕೊಟ್ಟರೂ ಒಂದು ಮೋಲ್ ಔಷಧಕ್ಕೆ, ಅಂದರೆ ನೂರಾರು ಗ್ರಾಂಗೆ, ಹತ್ತು ರೂಪಾಯಿ. ಬೇಡದ ರೂಪವನ್ನು ಬೇರ್ಪಡಿಸಲು ಸುರಿಯುವ ದ್ರಾವಕದ ಮುಂದೆ ಅದು ಏನೂ ಅಲ್ಲ. ರೋಜರ್ ಶೆಲ್ಡನ್ 1992ರಲ್ಲಿ ಕೊಟ್ಟ ಲೆಕ್ಕದಲ್ಲಿ ಒಂದು ಕಿಲೋ ಔಷಧಕ್ಕೆ ತ್ಯಾಜ್ಯ 25ರಿಂದ 100 ಕಿಲೋ ಮೀರಿ ಇರುತ್ತಿತ್ತು. ಆಯ್ಕೆಗುಣ ಚೆನ್ನಾಗಿದ್ದರೆ ಶುದ್ಧೀಕರಣಕ್ಕೆ ಸುರಿಯುವ ಆ ದ್ರಾವಕವೇ ಉಳಿತಾಯವಾಗುತ್ತದೆ. ಹಸಿರು ಎಂಬ ಮಾತು ಅಲ್ಲಿಗೆ ಒಪ್ಪುತ್ತದೆ, ದೀಪಕ್ಕಲ್ಲ.

ಕಷ್ಟ ಇರುವುದು ಲೋಹದಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ ಸಿಗುವ ಇರಿಡಿಯಂ ಏಳೆಂಟು ಟನ್, ಬಹುಪಾಲು ದಕ್ಷಿಣ ಆಫ್ರಿಕದಿಂದ. ಮಾತ್ರೆಯಲ್ಲಿ ಅದರ ಶೇಷ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದೆಂಬ ಅಂತರರಾಷ್ಟ್ರೀಯ ಮಿತಿ ಬೇರೆ. ಕಬ್ಬಿಣ ಬಳಸಬಾರದೇ ಎಂದು ಯಾರಾದರೂ ಕೇಳಬಹುದು. ರುಥೇನಿಯಂ ಜಾಗದಲ್ಲಿ ಕಬ್ಬಿಣ ಇಟ್ಟರೆ ಸಂಯುಕ್ತ ಕೆಂಪಾಗಿ ಸೊಗಸಾಗಿಯೇ ಇರುತ್ತದೆ, ಬೆಳಕನ್ನೂ ಹೀರುತ್ತದೆ. ಆದರೆ ಜಿಗಿದ ಎಲೆಕ್ಟ್ರಾನ್ 0.1 ಪಿಕೋಸೆಕೆಂಡಿಗೂ ಮುಂಚೆ ಲೋಹದ ತಗ್ಗಿನ ಸ್ಥಿತಿಗಳಿಗೆ ಬಿದ್ದುಹೋಗುತ್ತದೆ. ರುಥೇನಿಯಂನದಕ್ಕಿಂತ ಒಂದು ಕೋಟಿ ಪಟ್ಟು ಕಡಿಮೆ ಆಯುಷ್ಯ. ಲೈಗಾಂಡ್ ಬದಲಿಸಿ ಆ ಆಯುಷ್ಯವನ್ನು 2 ನ್ಯಾನೋಸೆಕೆಂಡಿಗೆ ಎಳೆದದ್ದು ಸ್ವೀಡನ್ನಿನ ಲುಂಡ್‌ನವರು, 2019ರಲ್ಲಿ. ಸಾವಿರಾರು ಪಟ್ಟು ಏರಿಕೆ ಅದು.

ಕೊನೆಗೆ ಮತ್ತೆ ಗಂಧದೆಣ್ಣೆಗೆ ಬರುತ್ತೇನೆ. ಸ್ಯಾಂಟಲಾಲ್‌ನ ಸಿಸ್ ಬಂಧವನ್ನು ನೀಲಿ ದೀಪದ ಏತದಿಂದ ಎತ್ತಬಹುದೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದ್ದೆ. ಆ ಜೋಡಿಬಂಧದ ಪಕ್ಕದಲ್ಲಿ ಬೆಂಜೀನ್ ಉಂಗುರವಿಲ್ಲ. ಅಂಥ ಒಂಟಿಯಾಗಿರುವ ಜೋಡಿಬಂಧವನ್ನು ಟ್ರಿಪ್ಲೆಟ್‌ಗೆ ಏರಿಸಲು ಮೋಲ್‌ಗೆ ಸುಮಾರು 320 ಕಿಲೋಜೂಲ್ ಬೇಕು, ನೀಲಿ ಫೋಟಾನಿನಲ್ಲಿರುವುದು 266. ವನಸ್ಪತಿಯ ಟ್ರಾನ್ಸ್ ಕೊಬ್ಬಿಗೂ ಇದೇ ಗೋಡೆ. ಉಳಿದ ಐವತ್ತು ಚಿಲ್ಲರೆ ಕಿಲೋಜೂಲಿಗಾಗಿ ಎರಡು ಫೋಟಾನ್‌ಗಳ ಶಕ್ತಿಯನ್ನು ಒಂದೇ ಅಣುವಿನಲ್ಲಿ ಕೂಡಿಸುವ ದಾರಿಯನ್ನು ಹಲವು ಗುಂಪುಗಳು ಹುಡುಕುತ್ತಿವೆ: ಒಂದು ಟ್ರಿಪ್ಲೆಟ್ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಎರಡರ ಶಕ್ತಿಯೂ ಒಂದರಲ್ಲಿ ಸೇರುವ ಬಗೆ. ಹೊಸ ಸಂಚಿಕೆ ಬಂದಾಗ ನಾನು ಮೊದಲು ತೆರೆಯುವುದು ಆ ಪುಟಗಳನ್ನು.